ವಿದ್ಯೆಯೂ ಪೀಠವೂ

ವಿದ್ಯೆಗೆ ದೇಶದ ಎಲ್ಲೆಯಿಲ್ಲವೆಂದು ಹೇಳುವುದು ಸುಲಭ. ವಿದ್ಯಾವಂತನಿಗೆ ಯಾವ ದೇಶದಲ್ಲಿ ಅನ್ನ ದೊರೆಯುವುದೆಂದು ಹೇಳುವುದು ಕಷ್ಟ. ಮಗನೋ ಮಗಳೋ ವೈದ್ಯವನ್ನಾಗಲಿ ಯಂತ್ರಶಾಸ್ತ್ರವನ್ನಾಗಲಿ ಕಲಿಯಲು ಪರದೇಶಕ್ಕೆ ಹೊರಟರೆ, ಇಷ್ಟು ವರ್ಷ, ಇಷ್ಟು ಸಾಲ, ಮುಂದೆ ಇಷ್ಟು ಸಂಬಳ ಎಂದು ಮನೆಯ ಹಿರಿಯರು ಲೆಕ್ಕ ಹಾಕಬಲ್ಲರು. ಆದರೆ ಸಂಸ್ಕೃತ ಗ್ರಂಥಗಳನ್ನೂ ಹಳೆಯ ಓಲೆಗರಿಗಳನ್ನೂ ಓದುವುದೇ ತನ್ನ ಬಾಳಿನ ಕೆಲಸವೆಂದು ನಿಶ್ಚಯಿಸಿದ ಹುಡುಗಿಯೊಬ್ಬಳು ಅದಕ್ಕಾಗಿ ಜರ್ಮನಿಗೆ ಹೋಗುವೆನೆಂದರೆ ಆ ಲೆಕ್ಕ ನಡೆಯುವುದಿಲ್ಲ. “ನಮ್ಮ ವಿದ್ಯೆಯನ್ನು ಕಲಿಯುವುದಕ್ಕೆ ಅವರ ಊರಿಗೇಕೆ ಹೋಗಬೇಕು?” ಎಂಬುದು ಮೊದಲನೆಯ ಪ್ರಶ್ನೆ, “ಕಲಿತಮೇಲೆ ಮುಂದೇನು?” ಎಂಬುದು ಎರಡನೆಯದು. ಬಹುಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತ ಪಾಠ ಹೇಳಿ ಈಗ ವಿಶ್ರಾಂತರಾಗಿರುವ ನಮ್ಮ ಬಳಿಗೆ ಈ ಎರಡು ಪ್ರಶ್ನೆಗಳನ್ನೂ ಹೊತ್ತು ಬರುವ ತಂದೆತಾಯಿಗಳು ಉಂಟು. ಅವರಿಗೆ ಬಾಯಿಮಾತಿನಲ್ಲಿ ಹೇಳಿದುದನ್ನು ಇಲ್ಲಿ ಸ್ವಲ್ಪ ಕ್ರಮವಾಗಿ ಬರೆಯಲು ಯತ್ನಿಸುವೆವು.

ಮೊದಲನೆಯ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಸಂಸ್ಕೃತವು ನಮ್ಮದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ವಿಶ್ವವಿದ್ಯಾನಿಲಯದ ಒಂದು ವಿಷಯವನ್ನಾಗಿ ಮಾಡಿ, ಅದಕ್ಕೆ ಪೀಠವನ್ನೂ ವೇತನವನ್ನೂ ಏರ್ಪಡಿಸುವ ಪದ್ಧತಿಯು ಯೂರೋಪಿನಲ್ಲಿ ಬಹು ಬೇಗನೆ ಬೇರೂರಿತು. ಪ್ಯಾರಿಸ್ಸಿನಲ್ಲಿ ೧೮೧೪ರಲ್ಲಿಯೂ, ಜರ್ಮನಿಯ ಬಾನ್ ನಗರದಲ್ಲಿ ೧೮೧೮ರಲ್ಲಿಯೂ, ಆಕ್ಸ್‌ಫರ್ಡಿನಲ್ಲಿ ೧೮೩೨ರಲ್ಲಿಯೂ ಈ ವಿದ್ಯೆಗೆ ಪೀಠಗಳು ಹುಟ್ಟಿದುವು. ಆ ಪೀಠಗಳಲ್ಲಿ ಕುಳಿತವರೂ ಅವರ ಶಿಷ್ಯರೂ ಇನ್ನೂರು ವರ್ಷಗಳಿಂದ ಮಾಡಿಟ್ಟಿರುವ ಉಪಕರಣಗಳನ್ನು ಬಿಟ್ಟು ಇಂದು ಯಾರೂ ಸಂಶೋಧನೆಗೆ ಕೈಹಾಕುವಂತಿಲ್ಲ. ಬೋಟ್‌ಲಿಂಕ್ ಮತ್ತು ರೋಟ್ ಎಂಬ ಇಬ್ಬರು ಪಂಡಿತರು ರಚಿಸಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ೧೮೫೫ರಿಂದ ೧೮೭೫ರವರೆಗೆ ೭ ಸಂಪುಟಗಳಾಗಿ ಅಚ್ಚಾದ ಸಂಸ್ಕೃತ ನಿಘಂಟು ಇದಕ್ಕೆ ಒಳ್ಳೆಯ ನಿದರ್ಶನ. ಒಂದೊಂದು ಶಬ್ದವೂ ವೇದದಿಂದ ಹಿಡಿದು ಕಾವ್ಯದವರೆಗೆ ಎಲ್ಲೆಲ್ಲಿ ಯಾವ ಯಾವ ಅರ್ಥದಲ್ಲಿ ಬಂದಿದೆಯೆಂದು ಅದು ತೋರಿಸುತ್ತದೆ. ಆದರೆ ಆ ಅರ್ಥಗಳೆಲ್ಲ ಜರ್ಮನ್ ಭಾಷೆಯಲ್ಲಿವೆ. ನಮ್ಮ ವೇದದ ಶಬ್ದವೊಂದರ ಚರಿತ್ರೆಯನ್ನು ಹುಡುಕುವ ನಮ್ಮ ಹುಡುಗಿ ಜರ್ಮನ್ ಕಲಿಯಲೇಬೇಕಾಗುವುದು ಹೀಗೆ.

ಇಷ್ಟೇ ಅಲ್ಲ. ನಮ್ಮ ದೀರ್ಘಾಕ್ಷರಗಳಿಗೆ ಮೇಲೆ ಗೆರೆಯನ್ನೂ, ಮೂರ್ಧನ್ಯಗಳಿಗೆ ಕೆಳಗೆ ಚುಕ್ಕೆಯನ್ನೂ ಇಟ್ಟು ರೋಮನ್ ಲಿಪಿಯಲ್ಲಿ ಬರೆಯುವ ಇಂದಿನ ಕ್ರಮಕ್ಕೆ ೧೮೯೪ರಲ್ಲಿ ಜಿನೀವಾದಲ್ಲಿ ನಡೆದ ಪ್ರಾಚ್ಯವಿದ್ವಾಂಸರ ಸಮ್ಮೇಳನವು ಆಧಾರ. ಜಗತ್ತಿನ ಸಂಸ್ಕೃತ ವಿದ್ವಾಂಸರು ಕೂಡುವ ವಿಶ್ವಸಂಸ್ಕೃತ ಸಮ್ಮೇಳನವು ೧೯೭೨ರಲ್ಲಿ ದೆಹಲಿಯಲ್ಲಿ ಆರಂಭವಾಗಿ, ಪ್ಯಾರಿಸ್ಸು, ವಾರಾಣಸಿ, ಕ್ಯೋಟೋ ಮುಂತಾದ ಊರುಗಳನ್ನು ಸುತ್ತಿ, ೧೯೯೭ರಲ್ಲಿ ನಮ್ಮ ಬೆಂಗಳೂರಿನಲ್ಲಿಯೂ, ೨೦೧೮ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿಯೂ, ೨೦೨೫ರಲ್ಲಿ ಕಠ್ಮಂಡುವಿನಲ್ಲಿಯೂ ಸೇರಿತು. ಒಂದು ಶ್ಲೋಕದ ಪಾಠವನ್ನು ಕುರಿತು ಜಪಾನಿನವರೊಬ್ಬರು ಹೇಳಿದುದಕ್ಕೆ ಇಟಲಿಯವರೊಬ್ಬರು ಆಕ್ಷೇಪಣೆ ಎತ್ತಿ, ಮೇಲುಕೋಟೆಯ ಪಂಡಿತರೊಬ್ಬರು ಸಮಾಧಾನ ಹೇಳುವುದು ಅಲ್ಲಿ ಆಶ್ಚರ್ಯದ ಸಂಗತಿಯಲ್ಲ. ಹೀಗೆ ಈ ವಿದ್ಯೆ ಈಗ ಹಲವು ಮನೆಗಳ ಸಮಾನ ಸ್ವತ್ತಾಗಿದೆ. ಸ್ವತ್ತು ನಮ್ಮ ಹಿರಿಯರದೆಂದ ಮಾತ್ರಕ್ಕೆ ಅದರ ಲೆಕ್ಕಪತ್ರಗಳನ್ನು ನೋಡದೆ ಅನುಭವಿಸಲು ಬರುವುದಿಲ್ಲ.

ಒಂದೇ ಗ್ರಂಥದ ಕಥೆಯಿಂದ ಇದನ್ನು ಇನ್ನಷ್ಟು ಸ್ಪಷ್ಟಪಡಿಸಬಹುದು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಗರಿಯ ಕಟ್ಟೊಂದನ್ನು ಮೈಸೂರಿನ ಸರ್ಕಾರಿ ಪ್ರಾಚ್ಯ ಪುಸ್ತಕಭಂಡಾರಕ್ಕೆ ಒಪ್ಪಿಸಿದರು. ಅಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ೧೯೦೫ರಲ್ಲಿ ಅದನ್ನು ಓದಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. ಹೆಸರು ಮಾತ್ರ ಉಳಿದು ಗ್ರಂಥವು ಕಳೆದುಹೋಯಿತೆಂದು ಲೋಕವು ಭಾವಿಸಿದ್ದ ಕೃತಿ ಅದು. ಶಾಸ್ತ್ರಿಗಳು ೧೯೦೯ರಲ್ಲಿ ಮೂಲವನ್ನೂ, ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ನಮ್ಮ ಕನ್ನಡ ಶಾಸನಗಳನ್ನು ಓದಿ ಹೆಸರಾದ ಫ್ಲೀಟ್ ಅವರು ಆ ಅನುವಾದಕ್ಕೆ ಮುನ್ನುಡಿ ಬರೆದರು. ಆಮೇಲೆ ಯೊಲ್ಲಿ ಮತ್ತು ಶ್ಮಿಟ್ ಎಂಬ ಜರ್ಮನ್ ವಿದ್ವಾಂಸರ ಸಂಪಾದನೆಯು ೧೯೨೩-೨೪ರಲ್ಲಿ ಲಾಹೋರಿನಿಂದ ಹೊರಟಿತು. ಮೈಯರ್ ಎಂಬವರ ಜರ್ಮನ್ ಅನುವಾದ ೧೯೨೬ರಲ್ಲಿ ಬಂದಿತು. ೧೯೬೦ರಿಂದ ೧೯೬೫ರವರೆಗೆ ಮುಂಬಯಿಯಿಂದ ಕಾಂಗ್ಲೆಯವರ ಪರಿಷ್ಕೃತ ಸಂಪಾದನೆ, ಅನುವಾದ, ವಿಮರ್ಶೆಗಳು ೩ ಭಾಗಗಳಾಗಿ ಬಂದುವು. ಸಿಂಹಳದಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿಯೂ ಅಮೆರಿಕದಲ್ಲಿಯೂ ಓದಿ, ಟೆಕ್ಸಾಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಪ್ಯಾಟ್ರಿಕ್ ಒಲಿವೆಲ್ ಅವರ ಹೊಸ ಅನುವಾದವು ೨೦೧೩ರಲ್ಲಿ ಪ್ರಕಟವಾಯಿತು. ನೂರು ವರ್ಷಗಳಲ್ಲಿ ಒಂದು ಓಲೆಗರಿಯ ಕಟ್ಟು ಎಷ್ಟು ಊರುಗಳ ವಿದ್ವಾಂಸರ ಕೈಹಾಯ್ದಿತೆಂಬುದನ್ನು ವಾಚಕರು ಎಣಿಸಬಹುದು. ಇಂದು ಅರ್ಥಶಾಸ್ತ್ರವನ್ನು ಕುರಿತು ಒಂದು ಹೊಸ ಮಾತನ್ನು ಹೇಳಬೇಕೆನ್ನುವವನು ಇವರೆಲ್ಲರನ್ನೂ ಓದಿರಬೇಕು. ಓದಿ, ಎಲ್ಲಿ ಒಪ್ಪುವೆನು, ಎಲ್ಲಿ ಒಪ್ಪುವುದಿಲ್ಲವೆಂಬುದನ್ನು ಕಾರಣಸಹಿತವಾಗಿ ಹೇಳಬೇಕು. ಇದನ್ನು ಕಲಿಸುವ ಗುರು ಎಲ್ಲಿರುವನೋ ಅಲ್ಲಿಗೆ ಹೋಗುವುದು ಪೂರ್ವಕಾಲದಿಂದಲೂ ವಿದ್ಯಾರ್ಥಿಯ ಧರ್ಮ. ಕಾಶಿಗೆ ಹೋದಂತೆಯೇ ಹ್ಯಾಂಬರ್ಗಿಗೂ ಹೋಗುವುದು.

ಆದರೆ ಈ ಕಥೆಯಲ್ಲಿ ಇನ್ನೊಂದು ಅಂಶವುಂಟು. ಅದನ್ನು ಹೇಳುವವರು ಕಡಿಮೆ. ಶಾಮಶಾಸ್ತ್ರಿಗಳಿಗೆ ಆ ಓಲೆಗರಿಯನ್ನು ಓದಲು ಪಾಂಡಿತ್ಯವೊಂದೇ ಸಾಕಾಗುತ್ತಿರಲಿಲ್ಲ. ಓಲೆಗರಿಗಳನ್ನು ಸಂಗ್ರಹಿಸುವುದಕ್ಕೆ ಒಂದು ಪುಸ್ತಕಭಂಡಾರ, ಅದರಲ್ಲಿ ಕುಳಿತು ಅವನ್ನು ಓದುವುದಕ್ಕೆ ಒಬ್ಬ ವಿದ್ವಾಂಸ, ಆ ವಿದ್ವಾಂಸನ ಮನೆಯ ಅಕ್ಕಿಬೇಳೆಗೆ ತಿಂಗಳ ಸಂಬಳ, ಓದಿದುದನ್ನು ಅಚ್ಚುಹಾಕಿಸುವುದಕ್ಕೆ ಹಣ, ಇಷ್ಟನ್ನು ಅಂದಿನ ಮೈಸೂರು ಸಂಸ್ಥಾನವು ೧೮೯೧ರಿಂದಲೇ ಏರ್ಪಡಿಸಿತ್ತು. ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದ ಹಿರಿಯಣ್ಣನವರು ಮೈಸೂರಿನ ವಿದ್ಯಾರ್ಥಿಗಳಿಗಾಗಿ ಮಾಡಿದ ಉಪನ್ಯಾಸಗಳೇ ಬೆಳೆದು, ೧೯೩೨ರಲ್ಲಿ ಲಂಡನ್ನಿನಿಂದ ಭಾರತೀಯ ತತ್ತ್ವಶಾಸ್ತ್ರದ ಗ್ರಂಥವಾಗಿ ಹೊರಬಂದುವು. ಜಗತ್ತಿನ ಕಾಲೇಜುಗಳಲ್ಲಿ ಇಂದಿಗೂ ಅದನ್ನು ಓದುವರು. ಈ ಇಬ್ಬರೂ ಮೈಸೂರಿನಲ್ಲಿದ್ದುಕೊಂಡೇ ಲೋಕದ ವಿದ್ವಾಂಸರ ಪಂಕ್ತಿಯಲ್ಲಿ ಕುಳಿತರು. ಅವರು ಮನೆ ಬಿಡದಿದ್ದುದಕ್ಕೆ ಮನೆಯಲ್ಲಿಯೇ ಒಂದು ಪೀಠವಿದ್ದುದು ಕಾರಣ. ವಿದ್ಯೆಯು ಒಬ್ಬನು ದುಡಿದು ಸಂಪಾದಿಸುವ ವಸ್ತು. ಪೀಠವಾದರೋ ಸಮಾಜವು ಮಾಡಿಕೊಡುವ ವಸ್ತು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎರಡನೆಯ ಪ್ರಶ್ನೆಗೆ ಉತ್ತರ ಹೇಳುವುದು ಸಾಧ್ಯ.

ಪೀಠವು ವಿದ್ಯೆಯ ಹಿಂದೆಯೇ ತಾನಾಗಿ ಬರುವುದೆಂಬ ನಂಬಿಕೆ ನಮ್ಮ ಜನದಲ್ಲಿ ಬಲವಾಗಿದೆ. ಹಾಗೆ ಬರುವುದಿಲ್ಲವೆಂಬುದಕ್ಕೆ ಮ್ಯಾಕ್ಸ್‌ಮುಲ್ಲರನ ವೃತ್ತಾಂತವನ್ನು ನೋಡಬಹುದು. ಆತನು ೧೮೨೩ರಲ್ಲಿ ಜರ್ಮನಿಯ ಡೆಸ್ಸಾವಿನಲ್ಲಿ ಹುಟ್ಟಿದನು. ಲೈಪ್‌ಜಿಗ್ಗಿನಲ್ಲಿಯೂ ಬರ್ಲಿನ್ನಿನಲ್ಲಿಯೂ ಓದಿ, ಪ್ಯಾರಿಸ್ಸಿನಲ್ಲಿ ಬ್ಯೂರ್ನೂಫ್ ಎಂಬ ಗುರುವಿನ ಬಳಿ ಕುಳಿತು, ಋಗ್ವೇದದ ಹಸ್ತಪ್ರತಿಗಳಿಗಾಗಿ ೧೮೪೬ರಲ್ಲಿ ಇಂಗ್ಲೆಂಡಿಗೆ ಹೋದನು. ಈಸ್ಟ್ ಇಂಡಿಯಾ ಕಂಪನಿಯ ಹಣದಿಂದ ಆತನ ಋಗ್ವೇದ ಸಂಪಾದನೆಯು ಸಾಯಣಭಾಷ್ಯಸಹಿತವಾಗಿ ೧೮೪೯ರಲ್ಲಿ ಮೊದಲಾಗಿ ೧೮೭೪ರಲ್ಲಿ ಮುಗಿಯಿತು. ಆ ನಡುವೆ ೧೮೬೦ರಲ್ಲಿ ಆಕ್ಸ್‌ಫರ್ಡಿನ ಸಂಸ್ಕೃತಪೀಠವು ತೆರವಾದಾಗ ಆತನೂ ಮೋನಿಯರ್ ವಿಲಿಯಮ್ಸನೂ ಅದಕ್ಕೆ ನಿಂತರು. ಆ ಕಾಲದಲ್ಲಿ ಅಲ್ಲಿಯ ಪದವೀಧರರೆಲ್ಲರೂ ಮತ ಕೊಡುವ ಪದ್ಧತಿಯಿತ್ತು. ಅವರಲ್ಲಿ ಬಹುಮಂದಿಗೆ ಸಂಸ್ಕೃತದ ಒಂದಕ್ಷರವೂ ತಿಳಿಯದು. ಒಬ್ಬನು ಪರದೇಶದವನು, ಅವನ ಮತಾಭಿಪ್ರಾಯಗಳು ಸಡಿಲವಾದುವು ಎಂಬ ಮಾತುಗಳು ಹುಟ್ಟಿದುವು. ಪೀಠವನ್ನು ಸ್ಥಾಪಿಸಿದ ಬೋಡನ್ ಎಂಬ ಸೈನ್ಯಾಧಿಕಾರಿಯ ಉದ್ದೇಶವಾದರೋ ಕ್ರೈಸ್ತಮತಪ್ರಚಾರಕ್ಕೆ ನೆರವಾಗುವುದಾಗಿತ್ತು. ಕೊನೆಗೆ ವಿಲಿಯಮ್ಸನಿಗೆ ೮೩೩ ಮತಗಳೂ, ಮುಲ್ಲರನಿಗೆ ೬೧೦ ಮತಗಳೂ ಬಂದುವು. ಋಗ್ವೇದವನ್ನು ಅಚ್ಚುಹಾಕಿಸುತ್ತಿದ್ದವನಿಗೆ ಸಂಸ್ಕೃತದ ಪೀಠ ದೊರೆಯಲಿಲ್ಲ. ೧೮೬೮ರಲ್ಲಿ ಭಾಷಾಶಾಸ್ತ್ರದ ಹೊಸ ಪೀಠವೊಂದನ್ನು ಆತನಿಗಾಗಿ ನಿರ್ಮಿಸಬೇಕಾಯಿತು. ಆದರೂ ಆತನು ಋಗ್ವೇದದ ಕೆಲಸವನ್ನು ನಡುವೆ ಬಿಡಲಿಲ್ಲವೆಂಬುದನ್ನು ನಾವು ಗಮನಿಸಬೇಕು.

ಇಂದು ಮತಗಳನ್ನೆಣಿಸುವ ಪದ್ಧತಿಯಿಲ್ಲ. ಪರೀಕ್ಷಿಸುವವರು ವಿಷಯವನ್ನು ಬಲ್ಲವರೇ. ಆದರೆ ಪೀಠಗಳು ವಿರಳ, ಬಯಸುವವರು ಹಲವರು. ಒಂದು ಪ್ರಾಧ್ಯಾಪಕಪದವಿ ತೆರವಾದರೆ ಹಲವು ದೇಶಗಳಿಂದ ಅರ್ಜಿಗಳು ಬರುವುವು. ಕೆಲವು ಕಡೆ ಇದ್ದ ಏರ್ಪಾಟುಗಳೂ ಸೊರಗಿವೆ. ಸಂಸ್ಕೃತವನ್ನು ಪ್ರಧಾನ ವಿಷಯವಾಗಿ ತೆಗೆದುಕೊಂಡು ಬಿ.ಎ. ಓದುವ ತರಗತಿಯನ್ನು ನಿಲ್ಲಿಸುವುದಾಗಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ೨೦೦೬ರಲ್ಲಿ ನಿರ್ಧರಿಸಿತು. ವಿದ್ಯಾರ್ಥಿಗಳು ಕಡಿಮೆಯಾದ ವಿಷಯವನ್ನು ವಿಶ್ವವಿದ್ಯಾನಿಲಯಗಳು ಮೊದಲು ಮೊಟಕುಮಾಡುವುವು. ಇದು ಅಲ್ಲಿಯ ಮಾತಷ್ಟೇ ಅಲ್ಲ, ಇಲ್ಲಿಯದೂ ಹೌದು.

ಗೃಹಸ್ಥರಿಗೆ ತಿಳಿದಿರಬೇಕಾದ ಮೆಟ್ಟಿಲುಗಳನ್ನು ಇಲ್ಲಿ ಹೇಳಿಬಿಡುವೆವು. ಎಂ.ಎ. ಆದಮೇಲೆ ಪಿಎಚ್.ಡಿ. ಎಂಬ ಪ್ರೌಢಪ್ರಬಂಧದ ಪದವಿ. ಅಮೆರಿಕದಲ್ಲಿ ಇದಕ್ಕೆ ಸಾಮಾನ್ಯವಾಗಿ ೫ರಿಂದ ೭ ವರ್ಷ. ಒಳ್ಳೆಯ ವಿಶ್ವವಿದ್ಯಾನಿಲಯವಾದರೆ ಶುಲ್ಕವಿಲ್ಲದೆ ವೇತನವನ್ನೂ ಕೊಟ್ಟು, ಪ್ರತಿಯಾಗಿ ಕೆಳಗಿನ ತರಗತಿಗಳಿಗೆ ಪಾಠ ಹೇಳಿಸುವರು. ಜರ್ಮನಿಯಲ್ಲಿ ೩ರಿಂದ ೫ ವರ್ಷ. ಅಲ್ಲಿಯೂ ವಿದ್ಯಾರ್ಥಿವೇತನವೋ ಸಹಾಯಕನ ಕೆಲಸವೋ ದೊರೆಯುವುದುಂಟು. ಪದವಿಯಾದೊಡನೆ ಪ್ರಾಧ್ಯಾಪಕಸ್ಥಾನವೆಂದು ತಿಳಿಯಬಾರದು. ಇದಾದಮೇಲೆ ಎರಡು ವರ್ಷದ್ದೋ ಮೂರು ವರ್ಷದ್ದೋ ಅವಧಿಯ ಸಂಶೋಧಕಸ್ಥಾನಗಳು; ಒಂದು ಮುಗಿದರೆ ಇನ್ನೊಂದು, ಒಂದು ಊರು ಬಿಟ್ಟು ಇನ್ನೊಂದು ಊರು, ಅನೇಕ ವೇಳೆ ಒಂದು ದೇಶ ಬಿಟ್ಟು ಇನ್ನೊಂದು ದೇಶ. ಜರ್ಮನಿಯಲ್ಲಿ ೨೦೦೭ರಲ್ಲಿ ಬಂದ ಕಾನೂನೊಂದರ ಪ್ರಕಾರ, ವಿಶ್ವವಿದ್ಯಾನಿಲಯವು ಒಬ್ಬರನ್ನು ಹೀಗೆ ಅವಧಿಯ ಕರಾರಿನಮೇಲೆ ಇಟ್ಟುಕೊಳ್ಳಬಹುದಾದದ್ದು ಸಾಮಾನ್ಯವಾಗಿ ಪಿಎಚ್.ಡಿ.ಗೆ ಮೊದಲು ೬ ವರ್ಷ, ಅನಂತರ ೬ ವರ್ಷ. ಹೊರಗಿನ ಧನಸಹಾಯದಿಂದ ನಡೆಯುವ ಕಾರ್ಯಗಳಿಗೆ ಬೇರೆ ನಿಯಮವುಂಟು. ಕರಾರುಗಳನ್ನೇ ಮುಂದುವರಿಸಿ ಒಬ್ಬನನ್ನು ದುಡಿಸಬಾರದೆಂಬುದು ಕಾನೂನಿನ ಆಶಯ. ಆದರೆ ಅವಧಿಯೊಳಗೆ ಖಾಯಂ ಸ್ಥಾನ ಸಿಕ್ಕದವನಿಗೆ ಅದೇ ಬಾಗಿಲಾಗಿ ಮುಚ್ಚಿಕೊಳ್ಳುತ್ತದೆ. ಈ ಕಾಲದಲ್ಲೆಲ್ಲ ಪತ್ರಿಕೆಗಳಿಗೆ ಲೇಖನ ಬರೆಯಬೇಕು. ಬರೆದುದನ್ನು ಹೆಸರು ಹೇಳದ ಇಬ್ಬರು ವಿದ್ವಾಂಸರು ಪರೀಕ್ಷಿಸಿ, ತಪ್ಪುಗಳನ್ನು ಎತ್ತಿ ತೋರಿಸಿ ಹಿಂದಕ್ಕೆ ಕಳುಹಿಸುವರು. ತಿದ್ದಿ ಮತ್ತೆ ಕಳುಹಿಸಬೇಕು. ಅಚ್ಚಾಗಲು ಎರಡು ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

ನಮ್ಮಲ್ಲಿ ಓದಿದ ಒಬ್ಬ ಹುಡುಗಿಯ ವಿಷಯವನ್ನು ಇಲ್ಲಿ ಹೇಳಬೇಕು. ತಂದೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಎಂ.ಎ. ಮುಗಿದಮೇಲೆ ಆಕೆ ಎರಡು ವರ್ಷ ವಿದ್ವಾಂಸರೊಬ್ಬರ ಮನೆಗೆ ಹೋಗಿ ವ್ಯಾಕರಣವನ್ನೂ ತರ್ಕವನ್ನೂ ಪಾಠ ಹೇಳಿಸಿಕೊಂಡಳು. ಆಮೇಲೆ ವಿದ್ಯಾರ್ಥಿವೇತನ ದೊರೆತು ಜರ್ಮನಿಗೆ ಹೋಗಿ, ಅಚ್ಚಾಗದಿದ್ದ ಒಂದು ವ್ಯಾಖ್ಯಾನವನ್ನು ನಾಲ್ಕು ಹಸ್ತಪ್ರತಿಗಳಿಂದ ಸಂಪಾದಿಸಿ ಪಿಎಚ್.ಡಿ. ಪಡೆದಳು. ಆ ನಾಲ್ಕರಲ್ಲಿ ಎರಡು ಕನ್ನಡ ಲಿಪಿಯವು, ಒಂದು ಗ್ರಂಥಲಿಪಿಯದು, ಒಂದು ನಂದಿನಾಗರಿಯದು. ಅಲ್ಲಿಯ ಸಹಪಾಠಿಗಳು ಜರ್ಮನ್, ಫ್ರೆಂಚ್ ಗ್ರಂಥಗಳನ್ನು ಸಲೀಸಾಗಿ ಓದುವರು. ಆಕೆಗೆ ಅದಕ್ಕೆ ಎರಡು ವರ್ಷ ಬೇಕಾಯಿತು. ಆದರೆ ನಂದಿನಾಗರಿಯ ಕೂಡಕ್ಷರವೊಂದು ತೊಡಕಾದಾಗ ಅವರು ಆಕೆಯ ಮೇಜಿನ ಬಳಿಗೆ ಬರುತ್ತಿದ್ದರಂತೆ. ವ್ಯಾಖ್ಯಾನಕಾರನು ಪೂರ್ವಪಕ್ಷವನ್ನು ಎಲ್ಲಿ ಮುಗಿಸಿ ಸಿದ್ಧಾಂತವನ್ನು ಎಲ್ಲಿ ಹಿಡಿದನೆಂಬುದು ಆಕೆಗೆ ಓದುತ್ತಲೇ ಕಿವಿಗೆ ತಿಳಿಯುತ್ತಿತ್ತೆಂದೂ, ಅದು ವಿದ್ವಾಂಸರ ಮನೆಯ ಜಗುಲಿಯಲ್ಲಿ ಬಂದ ಅಭ್ಯಾಸವೆಂದೂ ಆಕೆ ನಮಗೆ ಬರೆದಿದ್ದಳು.

ಪಿಎಚ್.ಡಿ. ಆದಮೇಲೆ ವಿಯೆನ್ನಾದಲ್ಲಿ ಎರಡು ವರ್ಷ, ಮತ್ತೆ ಜರ್ಮನಿಯಲ್ಲಿ ಮೂರು ವರ್ಷ, ಈಗ ಮತ್ತೊಂದು ಊರಿನಲ್ಲಿ ಎರಡು ವರ್ಷದ ಕರಾರು. ವಯಸ್ಸು ಮೂವತ್ತಾರು. ಗಂಡನಿಗೆ ಬೇರೊಂದು ನಗರದಲ್ಲಿ ಕೆಲಸ. ಶನಿವಾರ ರೈಲು ಹತ್ತಿ ಸೋಮವಾರ ಹಿಂದಿರುಗುವ ಸಂಸಾರ. ತಾಯಿಗೆ ಶಸ್ತ್ರಚಿಕಿತ್ಸೆಯಾದಾಗ ಮೂರು ವಾರಕ್ಕಿಂತ ಹೆಚ್ಚು ನಿಲ್ಲುವುದಕ್ಕಾಗಲಿಲ್ಲ. ಊರಿಗೆ ಹತ್ತಿರವಾಗೋಣವೆಂದು ನಮ್ಮ ದೇಶದ ವಿಶ್ವವಿದ್ಯಾನಿಲಯವೊಂದಕ್ಕೆ ಅರ್ಜಿ ಹಾಕಿದಳು. ಆಕೆಯ ಪದವಿಪತ್ರದಲ್ಲಿ ‘ಭಾರತವಿದ್ಯೆ’ ಎಂದಿದೆ, ಇಲ್ಲಿ ಕರೆದಿರುವುದು ‘ಸಂಸ್ಕೃತ’ಕ್ಕೆ, ಎರಡೂ ಒಂದೇ ಎಂಬುದಕ್ಕೆ ಪ್ರಮಾಣಪತ್ರ ಎಲ್ಲಿ ಎಂದು ಕೇಳಿದರು. ಅದನ್ನು ತರಿಸುವಷ್ಟರಲ್ಲಿ ದಿನ ಮೀರಿತು. ಒಂದು ದಿನ ಆಕೆಯ ತಂದೆ ನಮ್ಮ ಮನೆಗೆ ಬಂದು, ಕಾಫಿಯ ಲೋಟವನ್ನು ಕೆಳಗಿಟ್ಟು, “ಮೇಷ್ಟ್ರೇ, ನೀವು ಹೇಳಿದಿರೆಂದು ಕಳುಹಿಸಿದೆವು. ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಮಗಳು ಏನು ಮಾಡುತ್ತಿದ್ದಾಳೆಂದು ನೆಂಟರು ಕೇಳಿದರೆ ಏನು ಹೇಳಲಿ? ಹನ್ನೊಂದು ವರ್ಷವಾಯಿತು, ಇನ್ನೂ ಖಾಯಂ ಆಗಿಲ್ಲವೆನ್ನಲೇ?” ಎಂದರು.

ಆ ಮಾತಿನಲ್ಲಿ ಕೋಪವಿರಲಿಲ್ಲ, ಬಳಲಿಕೆಯಿತ್ತು. ನಾವು ಅವರಿಗೆ ಹೇಳಿದುದು ಇಷ್ಟು: “ಒಂದು ಗ್ರಂಥವನ್ನು ಉಳಿಸಿದ್ದಾಳೆಂದು ಹೇಳಿ. ನಾಲ್ಕು ಓಲೆಗರಿಯ ಕಟ್ಟುಗಳಲ್ಲಿ ಹುಳ ತಿನ್ನುತ್ತಿದ್ದುದು ಈಗ ಅಚ್ಚಾಗಿದೆ. ಇನ್ನು ಅದು ಸಾಯುವುದಿಲ್ಲ. ಇದು ವಿದ್ಯೆಯ ಲೆಕ್ಕ. ಖಾಯಂ ಎಂಬುದು ಪೀಠದ ಲೆಕ್ಕ. ಎರಡನ್ನೂ ಒಂದೇ ಪುಟದಲ್ಲಿ ಬರೆದು ಮಗಳ ಹೆಸರಿಗೆ ಬಾಕಿ ತೋರಿಸಬೇಡಿ.” ಅವರು ಒಪ್ಪಿದರೆಂದು ನಾವು ಹೇಳಲಾರೆವು. ತಂದೆಯ ಮನಸ್ಸು ಅಷ್ಟು ಸುಲಭವಾಗಿ ಒಪ್ಪುವಂಥದಲ್ಲ. ಒಪ್ಪಬೇಕೆಂದು ಕೇಳುವ ಅಧಿಕಾರವೂ ನಮಗಿಲ್ಲ.

ಆದರೂ ಈ ಕ್ಷೇತ್ರದಲ್ಲಿ ನೆಲೆನಿಂತವರ ಬಾಳನ್ನು ನೋಡಿದರೆ ಒಂದು ವಿಷಯ ಕಂಡುಬರುತ್ತದೆ. ಮಹಾಭಾರತದ ಪರಿಷ್ಕೃತ ಸಂಪಾದನೆ ಆಗಬೇಕೆಂಬ ಸಲಹೆಯು ೧೮೯೭ರ ಪ್ಯಾರಿಸ್ ಸಮ್ಮೇಳನದಲ್ಲಿ ಬಂದು, ಯೂರೋಪಿನಲ್ಲಿ ಮಾದರಿಯೂ ಅಚ್ಚಾಗಿ, ಮಹಾಯುದ್ಧದ ಕಾರಣದಿಂದ ಅಲ್ಲಿಗೇ ನಿಂತಿತು. ೧೯೧೯ರಲ್ಲಿ ಪುಣೆಯ ಭಂಡಾರ್ಕರ್ ಸಂಶೋಧನಮಂದಿರವು ಅದನ್ನು ಕೈಗೆತ್ತಿಕೊಂಡಿತು. ೧೯೨೫ರಲ್ಲಿ ಅದರ ಹೊಣೆ ಹೊತ್ತ ಸುಕ್ಥಂಕರರು ಮೊದಲು ಕೇಂಬ್ರಿಜ್ಜಿನಲ್ಲಿ ಗಣಿತ ಓದಿದವರು. ಆಮೇಲೆ ಬರ್ಲಿನ್ನಿನಲ್ಲಿ ಲ್ಯೂಡರ್ಸ್ ಅವರ ಶಿಷ್ಯರಾಗಿ ಶಾಕಟಾಯನ ವ್ಯಾಕರಣದ ಮೊದಲ ಪಾದವನ್ನು ಕುರಿತು ಪ್ರಬಂಧ ಬರೆದವರು. ಈ ಶಾಕಟಾಯನನು ನಮ್ಮ ಅಮೋಘವರ್ಷ ನೃಪತುಂಗನ ಕಾಲದವನೆಂಬುದನ್ನು ಕನ್ನಡಿಗರು ನೆನೆಯಬೇಕು. ಊರಿಗೆ ಬಂದ ಸುಕ್ಥಂಕರರಿಗೆ ಸಂಸ್ಕೃತದ ಪೀಠವೇನೂ ಕಾದಿರಲಿಲ್ಲ. ಪುರಾತತ್ತ್ವ ಇಲಾಖೆಯಲ್ಲಿ ಕೆಲಸ ಮಾಡಿದರು. ಮಹಾಭಾರತದ ಕರೆ ಬಂದಾಗ, ಬರ್ಲಿನ್ನಿನಲ್ಲಿ ಕಲಿತ ಪದ್ಧತಿಯು ಕೈಯಲ್ಲಿ ಸಿದ್ಧವಾಗಿತ್ತು. ೧೯೩೩ರಲ್ಲಿ ಆದಿಪರ್ವ ಮುಗಿಯಿತು. ೧೯೪೩ರಲ್ಲಿ ಅವರು ತೀರಿಕೊಂಡರು. ಕೆಲಸವನ್ನು ಇತರರು ಮುಂದುವರಿಸಿ ೧೯೬೬ರಲ್ಲಿ ಮುಗಿಸಿದರು.

ಬಿಮಲಕೃಷ್ಣ ಮತಿಲಾಲರು ೧೯೩೫ರಲ್ಲಿ ಬಂಗಾಳದಲ್ಲಿ ಹುಟ್ಟಿದವರು. ಕಲಕತ್ತೆಯ ಸಂಸ್ಕೃತ ಕಾಲೇಜಿನಲ್ಲಿ ಪಾಠ ಹೇಳುತ್ತ, ಪಂಡಿತರ ಬಳಿ ನವ್ಯನ್ಯಾಯವನ್ನು ಓದಿ ೧೯೬೨ರಲ್ಲಿ ತರ್ಕತೀರ್ಥರಾದರು. ಆಮೇಲೆ ಹಾರ್ವರ್ಡಿಗೆ ಹೋಗಿ ೧೯೬೫ರಲ್ಲಿ ಪಿಎಚ್.ಡಿ. ಪಡೆದರು. ಅಲ್ಲಿಯ ಅವರ ಗುರು ಇಂಗಾಲ್ಸ್ ಅವರು ತಾವೇ ಕಲಕತ್ತೆಗೆ ಬಂದು ಪಂಡಿತರಲ್ಲಿ ನ್ಯಾಯಶಾಸ್ತ್ರ ಓದಿದ್ದವರು. ಮತಿಲಾಲರು ಟೊರಾಂಟೋದಲ್ಲಿ ಪಾಠ ಹೇಳಿ, ೧೯೭೧ರಲ್ಲಿ ಭಾರತೀಯ ತತ್ತ್ವಶಾಸ್ತ್ರಕ್ಕಾಗಿ ಒಂದು ಪತ್ರಿಕೆಯನ್ನು ಸ್ಥಾಪಿಸಿ, ಆಕ್ಸ್‌ಫರ್ಡಿನ ಪ್ರಾಧ್ಯಾಪಕರಾಗಿ ೧೯೯೧ರಲ್ಲಿ ತೀರಿಕೊಂಡರು. ಅವಚ್ಛೇದಕ, ಪ್ರತಿಯೋಗಿ ಎಂಬ ನಮ್ಮ ಶಾಸ್ತ್ರದ ಮಾತುಗಳನ್ನು ಅವರು ಅಲ್ಲಿಯ ತಾರ್ಕಿಕರಿಗೆ ಅರ್ಥವಾಗುವಂತೆ ಹೇಳಬಲ್ಲವರಾದುದು ಎರಡು ಮನೆಗಳಲ್ಲಿ ಉಂಡುದರಿಂದ.

ನಮ್ಮವರೇ ಆದ ಎ. ಕೆ. ರಾಮಾನುಜನ್ನರನ್ನೂ ಸ್ಮರಿಸಬೇಕು. ೧೯೨೯ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಅಲ್ಲಿಯೇ ಇಂಗ್ಲಿಷ್ ಎಂ.ಎ. ಮಾಡಿ, ಬೆಳಗಾವಿ, ಬರೋಡ ಮೊದಲಾದ ಊರುಗಳ ಕಾಲೇಜುಗಳಲ್ಲಿ ಹಲವು ವರ್ಷ ಅಧ್ಯಾಪಕರಾಗಿದ್ದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರ ಕಲಿತು, ೧೯೫೯ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಫುಲ್‌ಬ್ರೈಟ್ ವೇತನದ ಮ��ಲೆ ಅಮೆರಿಕದ ಇಂಡಿಯಾನಕ್ಕೆ ಹೋದರು. ಕನ್ನಡದ ವ್ಯಾಕರಣವನ್ನು ಕುರಿತ ಪ್ರಬಂಧಕ್ಕೆ ೧೯೬೩ರಲ್ಲಿ ಪಿಎಚ್.ಡಿ. ಬಂದಿತು. ಷಿಕಾಗೋದಲ್ಲಿ ಮೂರು ದಶಕ ಪಾಠ ಹೇಳಿ ೧೯೯೩ರಲ್ಲಿ ಅಲ್ಲಿಯೇ ತೀರಿಕೊಂಡರು. ೧೯೭೩ರಲ್ಲಿ ಪ್ರಕಟವಾದ ಅವರ ವಚನಗಳ ಇಂಗ್ಲಿಷ್ ಅನುವಾದದಿಂದ ಬಸವಣ್ಣ, ಅಕ್ಕಮಹಾದೇವಿಯರ ಹೆಸರು ದೂರದೇಶಗಳ ವಿದ್ಯಾರ್ಥಿಗಳಿಗೆ ಪರಿಚಯವಾಯಿತು. ಮನೆಮಾತಿನ ಕನ್ನಡ, ತಮಿಳುಗಳೇ ಅಲ್ಲಿ ಅವರ ಮೂಲಧನವಾದುವು.

ಈ ಕೊನೆಯ ಇಬ್ಬರಲ್ಲಿಯೂ ಕಂಡುಬರುವ ಸಮಾನಾಂಶವೆಂದರೆ, ಪರದೇಶಕ್ಕೆ ಹೊರಡುವ ಮೊದಲೇ ಅವರ ಬಳಿ ಒಂದು ಗಟ್ಟಿಯಾದ ವಿದ್ಯೆಯಿತ್ತು. ಪರದೇಶವು ಅದಕ್ಕೆ ಸಾಣೆ ಹಿಡಿಯಿತು. ಆದುದರಿಂದ ಮಕ್ಕಳನ್ನು ಈ ದಾರಿಗೆ ಕಳುಹಿಸಲು ಯೋಚಿಸುವ ಗೃಹಸ್ಥರಿಗೆ ನಮ್ಮ ಬಿನ್ನಹಗಳಿವು. ಹೊರಡುವ ಮುನ್ನ ಒಂದೆರಡು ವರ್ಷವಾದರೂ ಇಲ್ಲಿಯ ವಿದ್ವಾಂಸರ ಬಳಿ ಒಂದು ಶಾಸ್ತ್ರವನ್ನು ಸಾಲು ಬಿಡದೆ ಓದಿಸಿ. ಆ ಜಗುಲಿಯ ಪಾಠವು ಅಲ್ಲಿ ಹಣ ಕೊಟ್ಟರೂ ಸಿಕ್ಕದು, ಇಲ್ಲಿಯೂ ಹೇಳುವವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿರುವರು. ಕನ್ನಡವಲ್ಲದೆ ಗ್ರಂಥ, ನಂದಿನಾಗರಿಯಂಥ ಒಂದು ಹಳೆಯ ಲಿಪಿಯನ್ನೂ ಕಲಿಸಿ. ಜರ್ಮನ್ನನ್ನೋ ಫ್ರೆಂಚನ್ನೋ ಇಲ್ಲಿಯೇ ಆರಂಭಿಸಲಿ. ವಿದ್ಯಾರ್ಥಿವೇತನ ದೊರೆತರೆ ಮಾತ್ರ ಕಳುಹಿಸಿ. ಈ ವಿದ್ಯೆಗಾಗಿ ಜಮೀನು ಮಾರಬೇಡಿ, ಮನೆ ಅಡವಿಡಬೇಡಿ. ಸಾಲ ಹೊತ್ತವನಿಗೆ ಮೂರು ವರ್ಷ ಒಂದು ಹಸ್ತಪ್ರತಿಯ ಮುಂದೆ ಕುಳಿತುಕೊಳ್ಳುವ ತಾಳ್ಮೆ ಉಳಿಯುವುದಿಲ್ಲ. ಜೊತೆಗೆ ಜೀವನಕ್ಕೆ ಒದಗುವ ಇನ್ನೊಂದು ಕುಶಲತೆ ಕೈಯಲ್ಲಿರಲಿ. ಪುಸ್ತಕಭಂಡಾರದ ಶಾಸ್ತ್ರವಾಗಲಿ, ಅನುವಾದವಾಗಲಿ, ಗಣಕಯಂತ್ರದಲ್ಲಿ ಹಳೆಯ ಗ್ರಂಥಗಳನ್ನು ಸಿದ್ಧಪಡಿಸುವ ಕೆಲಸವಾಗಲಿ. ಇಷ್ಟು ಮಾಡಿದಮೇಲೆ, ಪ್ರತಿ ದೀಪಾವಳಿಗೂ “ಖಾಯಂ ಆಯಿತೇ?” ಎಂದು ಕೇಳುವುದನ್ನು ಬಿಟ್ಟು, “ಈ ವರ್ಷ ಏನು ಓದಿದೆ?” ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಹೇಳುವುದು ಮಕ್ಕಳ ಕೈಯಲ್ಲಿದೆ, ಮೊದಲಿನದಕ್ಕೆ ಇಲ್ಲ.

ಕೊನೆಯದಾಗಿ ಒಂದು ಮಾತು. ಆಕ್ಸ್‌ಫರ್ಡಿನ ಪೀಠವು ಒಬ್ಬ ಸೈನ್ಯಾಧಿಕಾರಿಯ ಆಸ್ತಿಯಿಂದ ಹುಟ್ಟಿತೆಂದು ಮೇಲೆ ಹೇಳಿದೆವು. ಆತನ ಉದ್ದೇಶವು ಮರೆತುಹೋಯಿತು. ಪೀಠವು ಉಳಿದು ಇನ್ನೂರು ವರ್ಷಗಳ ಸಮೀಪಕ್ಕೆ ಬಂದಿದೆ. ಈ ಕಾಲದಲ್ಲಿ ನಮ್ಮ ನಾಡಿನ ಮೂರ್ತಿಯವರ ಮನೆತನದ ರೋಹನ್ ಮೂರ್ತಿಯವರು ೨೦೧೦ರಲ್ಲಿ ಹಾರ್ವರ್ಡಿಗೆ ೫೨ ಲಕ್ಷ ಡಾಲರುಗಳನ್ನು ದಾನವಿತ್ತು, ಭಾರತದ ಪ್ರಾಚೀನ ಗ್ರಂಥಗಳು ಮೂಲಸಹಿತವಾಗಿ ಇಂಗ್ಲಿಷಿನಲ್ಲಿ ಪ್ರಕಟವಾಗುವ ಏರ್ಪಾಟು ಮಾಡಿದರು. ೨೦೧೫ರಿಂದ ಆ ಮಾಲೆಯ ಪುಸ್ತಕಗಳು ಬರುತ್ತಿವೆ. ೨೦೧೭ರಲ್ಲಿ ನಮ್ಮ ರಾಘವಾಂಕನ ಹರಿಶ್ಚಂದ್ರ ಕಾವ್ಯವೂ ವನಮಾಲಾ ವಿಶ್ವನಾಥರ ಅನುವಾದದಲ್ಲಿ ಅದರಲ್ಲಿ ಸೇರಿತು. ಇದು ಸಂತೋಷದ ಸಂಗತಿ. ಅಷ್ಟು ದೊಡ್ಡ ದಾನವು ಎಲ್ಲರ ಕೈಯಲ್ಲಿ ಆಗದು. ಆದರೆ ನಮ್ಮ ಜಿಲ್ಲೆಗಳ ಮಠಗಳಲ್ಲಿ, ಕಾಲೇಜುಗಳಲ್ಲಿ, ಹಳೆಯ ಪುಸ್ತಕಭಂಡಾರಗಳಲ್ಲಿ ಓಲೆಗರಿಗಳನ್ನು ಓದುವ ಒಬ್ಬ ವಿದ್ವಾಂಸನಿಗೋ ವಿದುಷಿಗೋ ತಿಂಗಳ ಸಂಬಳವನ್ನು ಸ್ಥಿರವಾಗಿ ಒದಗಿಸುವಷ್ಟು ನಿಧಿಯನ್ನು ಒಂದು ಊರಿನ ಗೃಹಸ್ಥರು ಸೇರಿ ಕೂಡಿಸಲಾರರೇ? ಒಂದು ದೊಡ್ಡ ಮದುವೆಯ ಮಂಟಪಕ್ಕೆ ಆಗುವ ವೆಚ್ಚವನ್ನು ನಾವೆಲ್ಲ ಬಲ್ಲೆವು. ಅಂಥ ನಿಧಿಗೆ ಮೊದಲ ಕಾಣಿಕೆಯಾಗಿ ನಮ್ಮ ವಿಶ್ರಾಂತಿವೇತನದಿಂದ ಒಂದು ತಿಂಗಳದನ್ನು ಕೊಡಲು ನಾವು ಸಿದ್ಧರಿದ್ದೇವೆ. ಹೊರದೇಶದಲ್ಲಿ ಓದಿ ನುರಿತ ನಮ್ಮ ಮಕ್ಕಳು ಹಿಂದಿರುಗಿ ಬರಬೇಕೆಂದು ಹಂಬಲಿಸುವ ನಾವು, ಅವರು ಬಂದರೆ ಕುಳಿತುಕೊಳ್ಳುವುದಕ್ಕೆ ಒಂದು ಮಣೆಯನ್ನು ಹಾಕಿಡುವುದು ನ್ಯಾಯ.